ಟೆಂಡರಿನ ತಾಂತ್ರಿಕ ವಿವರಣೆ ಬರೆಯುವ ನಾಲ್ಕು ದಾರಿಗಳು: ಯಾವ ಖರೀದಿಗೆ ಯಾವುದು?

ಮಂಡ್ಯ ಜಿಲ್ಲೆಯ ಗ್ರಾಮ ಪಂಚಾಯಿತಿಯೊಂದು ಕೊಳವೆಬಾವಿಗೆ ಪಂಪ್‌ಸೆಟ್ ಕೊಳ್ಳಬೇಕಾದಾಗ, ಮೈಸೂರಿನ ಸರ್ಕಾರಿ ಕಾಲೇಜೊಂದು ಡೆಸ್ಕುಗಳನ್ನು ಮಾಡಿಸಬೇಕಾದಾಗ, ಪುರಸಭೆಯೊಂದು ಹಳೆಯ ಸೋಡಿಯಂ ದೀಪಗಳನ್ನು ಇಳಿಸಿ ಎಲ್‌ಇಡಿ ಹಾಕಿಸಬೇಕಾದಾಗ ಕಡತ ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ಹುಟ್ಟುತ್ತದೆ. ಹಿಂದಿನ ಟೆಂಡರ್ ದಾಖಲೆಯನ್ನು ತೆರೆದು, ದಿನಾಂಕ, ಪ್ರಮಾಣ, ಅಂದಾಜು ಮೊತ್ತಗಳನ್ನು ತಿದ್ದಿ, ತಾಂತ್ರಿಕ ವಿವರಣೆಯ ಪುಟಗಳನ್ನು ಮಾತ್ರ ಮುಟ್ಟದೆ ಬಿಡಲಾಗುತ್ತದೆ. ಇಎಂಡಿ, ಅಂದರೆ ಬಿಡ್ ಜೊತೆಗೆ ಇಡುವ ಠೇವಣಿ, ಎಷ್ಟಿರಬೇಕು, ಬಿಡ್‌ದಾರರ ವಾರ್ಷಿಕ ವಹಿವಾಟು ಎಷ್ಟಿರಬೇಕು ಎಂಬುದರ ಬಗ್ಗೆ ಆಗುವಷ್ಟು ಚರ್ಚೆ ಆ ಪುಟಗಳ ಬಗ್ಗೆ ಆಗುವುದಿಲ್ಲ. ಆದರೆ ಕೊನೆಗೆ ಬರುವ ಮಾಲು ಕೆಲಸಕ್ಕೆ ಬರುತ್ತದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ.

ಬೇಕಾದ ವಸ್ತುವನ್ನು ದಾಖಲೆಯಲ್ಲಿ ವಿವರಿಸಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ತಯಾರಕರ ಹೆಸರನ್ನೋ ಮಾಡೆಲನ್ನೋ ಹೇಳಿ ‘ಅಥವಾ ಸಮಾನ’ ಎಂದು ಸೇರಿಸುವುದು ಒಂದು. ಭಾರತೀಯ ಮಾನಕ ಬ್ಯೂರೋದ ಮಾನಕ ಸಂಖ್ಯೆಯನ್ನು ಉಲ್ಲೇಖಿಸುವುದು ಎರಡನೆಯದು. ಅಳತೆ, ಸಾಮಗ್ರಿ, ದಪ್ಪ, ಜೋಡಣೆಯ ಕ್ರಮಗಳನ್ನು ನಾವೇ ಬರೆದು ನಕ್ಷೆ ಕೊಡುವುದು ಮೂರನೆಯದು. ವಸ್ತು ಹೇಗಿರಬೇಕು ಎಂಬುದನ್ನು ಬಿಟ್ಟು, ಅದು ಏನನ್ನು ಮಾಡಿ ತೋರಿಸಬೇಕು ಎಂಬುದನ್ನಷ್ಟೇ ಹೇಳುವ ಕಾರ್ಯಕ್ಷಮತೆ ಆಧಾರಿತ ವಿವರಣೆ ನಾಲ್ಕನೆಯದು. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಮಾಲು ಉಗ್ರಾಣಕ್ಕೆ ಬಂದ ದಿನ ಅದನ್ನು ಯಾರು, ಯಾವ ಉಪಕರಣದಿಂದ, ಎಷ್ಟು ಹೊತ್ತಿನಲ್ಲಿ ಪರೀಕ್ಷಿಸಬಲ್ಲರು ಎಂದು ಮೊದಲು ಕೇಳಿಕೊಂಡರೆ ದಾರಿ ತಾನಾಗಿಯೇ ಗೊತ್ತಾಗುತ್ತದೆ. ಪರೀಕ್ಷಿಸಲಾಗದ ಷರತ್ತು ಪ್ರಾಮಾಣಿಕ ಬಿಡ್‌ದಾರನ ದರವನ್ನು ಮಾತ್ರ ಏರಿಸುತ್ತದೆ. ಷರತ್ತನ್ನು ಪಾಲಿಸುವ ಉದ್ದೇಶವೇ ಇಲ್ಲದವನು ಅದನ್ನು ಲೆಕ್ಕಕ್ಕೆ ಹಿಡಿಯದೆ ದರ ನಮೂದಿಸಿ ಎಲ್1, ಅಂದರೆ ಅತಿ ಕಡಿಮೆ ದರದ ಬಿಡ್‌ದಾರ, ಆಗುತ್ತಾನೆ.

ಕಾನೂನಿನ ಚೌಕಟ್ಟು

ರಾಜ್ಯ ಸರ್ಕಾರದ ಇಲಾಖೆಗಳು, ನಿಗಮಗಳು, ಸ್ಥಳೀಯ ಸಂಸ್ಥೆಗಳು ಮತ್ತು ವಿಶ್ವವಿದ್ಯಾಲಯಗಳ ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಅಂದರೆ ಎಲ್ಲರೂ ಕೆಟಿಪಿಪಿ ಕಾಯ್ದೆ ಎಂದು ಕರೆಯುವ ಕಾನೂನು ಮತ್ತು ಅದರಡಿಯ 2000ದ ನಿಯಮಗಳು ಅನ್ವಯವಾಗುತ್ತವೆ. ಈ ಕಾಯ್ದೆಯ 13ನೇ ಪ್ರಕರಣದ ಪ್ರಕಾರ ಅತಿ ಕಡಿಮೆ ಟೆಂಡರ್ ಯಾವುದೆಂದು ನಿರ್ಧರಿಸುವುದು ಟೆಂಡರ್ ದಾಖಲೆಯಲ್ಲಿಯೇ ನಮೂದಿಸಿದ, ವಸ್ತುನಿಷ್ಠವಾದ ಮತ್ತು ಪರಿಮಾಣಕ್ಕೆ ಸಿಗುವ ಅಂಶಗಳ ಆಧಾರದ ಮೇಲೆ. ದಾಖಲೆಯಲ್ಲಿ ಇಲ್ಲದ ಗುಣವನ್ನು ತಾಂತ್ರಿಕ ಲಕೋಟೆ ತೆರೆದ ಮೇಲೆ ಹುಡುಕಲು ಬರುವುದಿಲ್ಲ ಎಂಬುದು ಇದರ ನೇರ ಪರಿಣಾಮ. ‘ಉತ್ತಮ ಗುಣಮಟ್ಟದ’, ‘ಪ್ರತಿಷ್ಠಿತ ಕಂಪನಿಯ’, ‘ಹೆವಿ ಡ್ಯೂಟಿ’ ಎಂಬ ಮಾತುಗಳು ಪರಿಮಾಣಕ್ಕೆ ಸಿಗುವಂಥವಲ್ಲ. ಆ ಆಧಾರದ ಮೇಲೆ ಒಬ್ಬರ ಬಿಡ್ಡನ್ನು ತಿರಸ್ಕರಿಸಿದರೆ 16ನೇ ಪ್ರಕರಣದ ಮೇಲ್ಮನವಿಯಲ್ಲಿ ಆ ತೀರ್ಮಾನವನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಮೈಸೂರಿನ ವಿಶೇಷವೆಂದರೆ ಒಂದೇ ಊರಿನಲ್ಲಿ ಎರಡು ವ್ಯವಸ್ಥೆಗಳು ಅಕ್ಕಪಕ್ಕದಲ್ಲಿ ನಡೆಯುತ್ತವೆ. ಸಿಎಫ್‌ಟಿಆರ್‌ಐ, ಡಿಎಫ್‌ಆರ್‌ಎಲ್, ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಗಳಂಥ ಕೇಂದ್ರದ ಸಂಸ್ಥೆಗಳು 2017ರ ಸಾಮಾನ್ಯ ಹಣಕಾಸು ನಿಯಮಗಳ ಕಡೆಗೆ, ಅಂದರೆ ಜಿಎಫ್‌ಆರ್ ಕಡೆಗೆ ನೋಡಬೇಕು. ವಿವರಣೆಯು ವಸ್ತುನಿಷ್ಠವೂ, ಕಾರ್ಯವನ್ನು ಆಧರಿಸಿದ್ದೂ, ಅಳೆಯಬಹುದಾದದ್ದೂ ಆಗಿರಬೇಕು, ನಿರ್ದಿಷ್ಟ ಬ್ರ್ಯಾಂಡ್ ಅಥವಾ ವ್ಯಾಪಾರ ಮುದ್ರೆಯನ್ನು ಕೇಳಬಾರದು, ರಾಷ್ಟ್ರೀಯ ಮಾನಕ ಇರುವಲ್ಲಿ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು, ಅಗತ್ಯವಿಲ್ಲದ ಸೌಲಭ್ಯಗಳನ್ನು ತುಂಬಬಾರದು ಎಂದು ಅದರ 144ನೇ ನಿಯಮ ಹೇಳುತ್ತದೆ. ರಾಜ್ಯದ ಕಚೇರಿಗಳಿಗೆ ಈ ನಿಯಮ ನೇರವಾಗಿ ಅನ್ವಯಿಸದಿದ್ದರೂ ವಿವರಣೆ ಬರೆಯುವವರು ಅದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಲೆಕ್ಕ ಪರಿಶೋಧಕರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಇವೇ ಆಗಿರುತ್ತವೆ.

ಹೆಸರು ಹೇಳಿ ಕೊಳ್ಳುವುದು

ಬ್ರ್ಯಾಂಡ್ ಹೆಸರು ಬರೆಯುವುದು ಎಲ್ಲಕ್ಕಿಂತ ಸುಲಭ, ಆದ್ದರಿಂದಲೇ ಎಲ್ಲಕ್ಕಿಂತ ಹೆಚ್ಚು ದುರುಪಯೋಗವಾಗುವ ದಾರಿಯೂ ಹೌದು. ಹೆಸರನ್ನು ಬರೆಯದೆಯೂ ಅದನ್ನು ಸೂಚಿಸುವ ಕಲೆ ನಮ್ಮ ಕಚೇರಿಗಳಿಗೆ ಹೊಸದಲ್ಲ. ಪ್ರಯೋಗಾಲಯಕ್ಕೆ ಸ್ಪೆಕ್ಟ್ರೋಫೋಟೋಮೀಟರ್ ಬೇಕೆಂದಾಗ 190ರಿಂದ 1100 ನ್ಯಾನೋಮೀಟರ್ ತರಂಗಾಂತರದ ವ್ಯಾಪ್ತಿ ಇರಬೇಕೆಂದು ಕೇಳುವುದು ನ್ಯಾಯವಾದದ್ದು, ಏಕೆಂದರೆ ಅನೇಕ ತಯಾರಕರ ಉಪಕರಣಗಳು ಆ ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತವೆ. ಅದರ ಜೊತೆಗೆ ಉಪಕರಣದ ತೂಕ ಇಷ್ಟೇ ಕಿಲೋ, ಪರದೆ ಇಷ್ಟೇ ಇಂಚು, ಪೆಟ್ಟಿಗೆಯ ಉದ್ದ ಇಷ್ಟೇ ಮಿಲಿಮೀಟರ್ ಎಂದು ಸೇರಿಕೊಂಡಿದ್ದರೆ ಆ ಪುಟ ಒಬ್ಬ ತಯಾರಕರ ಕಿರುಹೊತ್ತಿಗೆಯಿಂದ ಇಳಿದು ಬಂದದ್ದು ಎಂದು ಪ್ರತಿಸ್ಪರ್ಧಿಗಳು ಮೊದಲ ಓದಿನಲ್ಲೇ ಗುರುತಿಸುತ್ತಾರೆ. ಟೆಂಡರ್ ಷರತ್ತುಗಳನ್ನು ನಿಗದಿಪಡಿಸುವುದು ಖರೀದಿಸುವವರ ವಿವೇಚನೆಗೆ ಬಿಟ್ಟದ್ದು ಎಂದು ಸರ್ವೋಚ್ಚ ನ್ಯಾಯಾಲಯ ಮೀರತ್ ಅಭಿವೃದ್ಧಿ ಪ್ರಾಧಿಕಾರದ 2009ರ ಪ್ರಕರಣದಲ್ಲಿ ಹೇಳಿದೆಯಾದರೂ, ಒಬ್ಬರಿಗೆಂದೇ ಹೊಲಿಸಿದ ಷರತ್ತುಗಳಿಗೆ ಆ ರಕ್ಷಣೆ ಸಿಗುವುದಿಲ್ಲ.

ಹಾಗೆಂದು ಹೆಸರು ಹೇಳುವುದು ಸದಾ ತಪ್ಪಲ್ಲ. ಇರುವ ಯಂತ್ರಕ್ಕೆ ಬಿಡಿಭಾಗ ಕೊಳ್ಳುವಾಗ, ಇರುವ ಉಪಕರಣಕ್ಕೆ ಮಾತ್ರ ಹೊಂದುವ ರಾಸಾಯನಿಕ ಕಿಟ್ ಕೊಳ್ಳುವಾಗ ಮಾಡೆಲ್ ಸಂಖ್ಯೆಯೇ ಅತ್ಯಂತ ಪ್ರಾಮಾಣಿಕ ವಿವರಣೆ. ನಿಜವಾದ ಏಕೈಕ ಮೂಲ ಹೇಗಿರುತ್ತದೆ ಎಂಬುದಕ್ಕೆ ಮೈಸೂರಿನವರು ದೂರ ಹೋಗಬೇಕಾಗಿಲ್ಲ. 1937ರಲ್ಲಿ ಸ್ಥಾಪನೆಯಾದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಎಂಬ ಹೆಸರಿನಲ್ಲಿರುವ ರಾಜ್ಯ ಸರ್ಕಾರದ ಕಂಪನಿ 1962ರ ಚುನಾವಣೆಯಿಂದಲೂ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಪೂರೈಸುತ್ತ ಬಂದಿದೆ. ಶಾಯಿಯ ಸೂತ್ರ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು, ತಯಾರಿಕೆ ಪರವಾನಗಿಗೆ ಒಳಪಟ್ಟದ್ದು. ಅಲ್ಲಿ ಸ್ಪರ್ಧೆ ಇಲ್ಲದಿರುವುದಕ್ಕೆ ಕಾರಣ ವಸ್ತುವಿನಲ್ಲಿಯೇ ಇದೆ. ನಾವು ಕೊಳ್ಳುವ ಪ್ರಿಂಟರಿಗೋ ಏರ್ ಕಂಡಿಷನರಿಗೋ ಅಂಥ ಕಾರಣ ಇರುವುದಿಲ್ಲ. ಏಕೈಕ ಮೂಲವೆಂದು ವಾದಿಸುವುದಾದರೆ ಕೆಟಿಪಿಪಿ ಕಾಯ್ದೆಯ 4(ಬಿ) ಪ್ರಕರಣದ ಹಾದಿಯಲ್ಲಿ ಮೂವರು ತಜ್ಞರ ಸಮಿತಿಯ ಮುಂದೆ ಹೋಗಬೇಕು; ಅದರಲ್ಲಿ ಖರೀದಿಸುವ ಸಂಸ್ಥೆಯವರಲ್ಲದೆ ಅಂಥದೇ ಖರೀದಿ ಮಾಡುವ ಇನ್ನೊಂದು ಸರ್ಕಾರಿ ಸಂಸ್ಥೆಯವರೂ ಶೈಕ್ಷಣಿಕ ಅಥವಾ ಸಂಶೋಧನಾ ಸಂಸ್ಥೆಯವರೂ ಇರುತ್ತಾರೆ. ಆ ಸಮಿತಿಯನ್ನು ಒಪ್ಪಿಸುವ ಧೈರ್ಯವಿಲ್ಲದವರು ಬಹಿರಂಗ ಟೆಂಡರಿನ ಒಳಗೆ ಬ್ರ್ಯಾಂಡನ್ನು ಅಡಗಿಸಿಡುವುದು ಅತ್ಯಂತ ಕೆಟ್ಟ ಆಯ್ಕೆ.

‘ಅಥವಾ ಸಮಾನ’ ಎಂದು ಬರೆದರೆ, ಯಾವ ಅಂಶಗಳಲ್ಲಿ ಸಮಾನ ಎಂಬುದನ್ನೂ ಬರೆಯಬೇಕು. ನಾಲ್ಕೈದು ಅಂಶಗಳು ಸಾಕು. ಅವುಗಳನ್ನು ಸರಿಯಾಗಿ ಬರೆದುಬಿಟ್ಟರೆ ಮುಂದಿನ ಓದಿನಲ್ಲಿ ಬ್ರ್ಯಾಂಡ್ ಹೆಸರಿನ ಅಗತ್ಯವೇ ಉಳಿದಿಲ್ಲ ಎಂಬುದು ಹೆಚ್ಚಿನ ವೇಳೆ ಬರೆದವರಿಗೇ ತಿಳಿಯುತ್ತದೆ.

ಮಾನಕ ಸಂಖ್ಯೆಯ ಬಲ ಮತ್ತು ಮಿತಿ

ಪೈಪು, ಸಿಮೆಂಟು, ಕಬ್ಬಿಣ, ಪ್ಲೈವುಡ್, ನೀರಿನ ಟ್ಯಾಂಕ್ ಮುಂತಾದ, ಅನೇಕರು ಒಂದೇ ರೀತಿಯಲ್ಲಿ ತಯಾರಿಸುವ ಸರಕುಗಳಿಗೆ ಮಾನಕ ಆಧಾರಿತ ವಿವರಣೆಗಿಂತ ಒಳ್ಳೆಯದು ಇಲ್ಲ. ಕುಡಿಯುವ ನೀರಿನ ಮಾರ್ಗಕ್ಕೆ ಎಚ್‌ಡಿಪಿಇ ಪೈಪು ಬೇಕಾದರೆ ‘ಐಎಸ್ 4984, ಪಿಇ 100, ಪಿಎನ್ 10, ಹೊರವ್ಯಾಸ 90 ಮಿ.ಮೀ., ಐಎಸ್‌ಐ ಮಾರ್ಕ್ ಸಹಿತ’ ಎಂಬ ಒಂದೇ ಸಾಲು ಎರಡು ಪುಟಗಳ ಕೆಲಸ ಮಾಡುತ್ತದೆ. ಇಲ್ಲಿ ಪಿಇ 100 ಎಂಬುದು ಪ್ಲಾಸ್ಟಿಕ್ಕಿನ ದರ್ಜೆ, ಪಿಎನ್ 10 ಎಂಬುದು ಒತ್ತಡದ ವರ್ಗ. ಗೋಡೆಯ ದಪ್ಪ ಎಷ್ಟು, ಒತ್ತಡ ಪರೀಕ್ಷೆ ಹೇಗೆ, ಎಷ್ಟು ತುಣುಕುಗಳನ್ನು ಆರಿಸಿ ಪರೀಕ್ಷಿಸಬೇಕು ಎಂಬುದೆಲ್ಲ ಮಾನಕದ ಒಳಗೇ ಇದೆ. ಸಂಶಯ ಬಂದರೆ ಪ್ಲಾಸ್ಟಿಕ್ ಸಾಮಗ್ರಿಗಳ ಪರೀಕ್ಷೆಗೆ ಮೈಸೂರಿನಲ್ಲಿಯೇ ಸಿಪೆಟ್ ಎಂಬ ಕೇಂದ್ರೀಯ ಸಂಸ್ಥೆ ಇದೆ. ಮಂಡ್ಯದಿಂದ ತುಣುಕೊಂದನ್ನು ಕಳುಹಿಸಿ ವರದಿ ಪಡೆಯುವುದು ದೊಡ್ಡ ಕೆಲಸವೇನಲ್ಲ, ಆದರೆ ಆ ಪರೀಕ್ಷೆಯ ವೆಚ್ಚವನ್ನು ಯಾರು ಭರಿಸಬೇಕು ಎಂಬುದು ದಾಖಲೆಯಲ್ಲಿ ಮೊದಲೇ ಇರಬೇಕು.

ಇಲ್ಲಿ ಆಗಾಗ ನಡೆಯುವ ತಪ್ಪುಗಳು ಮೂರು ಬಗೆಯವು. ಸಂಖ್ಯೆಯನ್ನು ಮಾತ್ರ ಬರೆದು ದರ್ಜೆಯನ್ನು ಬಿಡುವುದು ಮೊದಲನೆಯದು. ಐಎಸ್ 4984ರ ಒಳಗೆ ಹಲವು ಒತ್ತಡದ ವರ್ಗಗಳಿವೆ. ಯಾವುದೆಂದು ಹೇಳದಿದ್ದರೆ ಎಲ್ಲಕ್ಕಿಂತ ತೆಳುವಾದ ಪೈಪು ಬರುತ್ತದೆ, ಅದೂ ಮಾನಕಕ್ಕೆ ಅನುಗುಣವಾಗಿಯೇ ಇರುತ್ತದೆ, ತಿರಸ್ಕರಿಸಲು ನಮ್ಮ ಕೈಯಲ್ಲಿ ಕಾರಣವಿರುವುದಿಲ್ಲ. ಎರಡನೆಯದು ಹಳತಾದ ಸಂಖ್ಯೆ. 43 ಮತ್ತು 53 ಗ್ರೇಡಿನ ಸಿಮೆಂಟಿಗೆ ಹಿಂದೆ ಐಎಸ್ 8112 ಮತ್ತು ಐಎಸ್ 12269 ಎಂಬ ಬೇರೆ ಬೇರೆ ಮಾನಕಗಳಿದ್ದವು, 2015ರಲ್ಲಿ ಅವೆರಡೂ ಐಎಸ್ 269ರೊಳಗೆ ಸೇರಿದವು; ಆದರೂ ನಕಲಿನಿಂದ ನಕಲಿಗೆ ಇಳಿದು ಬರುವ ದಾಖಲೆಗಳಲ್ಲಿ ಹಳೆಯ ಸಂಖ್ಯೆಗಳು ಇನ್ನೂ ಉಳಿದುಕೊಂಡಿವೆ. ಮೂರನೆಯದು ಸಂಬಂಧವಿಲ್ಲದ ಮಾನಕ. ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಕುಡಿಯುವ ನೀರಿನ ಗುಣಮಟ್ಟದ ಮಾನಕವಾದ ಐಎಸ್ 10500 ಅನ್ನು ಉಲ್ಲೇಖಿಸಬೇಕಾದಲ್ಲಿ ಬಾಟಲಿ ನೀರಿನ ಮಾನಕವಾದ ಐಎಸ್ 14543 ಅನ್ನು ಬರೆದರೆ, ಅದರ ಷರತ್ತುಗಳನ್ನು ಪಾಲಿಸುವ ಉದ್ದೇಶ ಕೊಳ್ಳುವವರಿಗೂ ಇರುವುದಿಲ್ಲ, ಮಾರುವವರಿಗೂ ಇರುವುದಿಲ್ಲ. ಜಗಳ ಬಂದಾಗ ಮಾತ್ರ ಆ ಸಾಲು ಎದ್ದು ನಿಲ್ಲುತ್ತದೆ.

ನಕ್ಷೆ ಕೊಟ್ಟು ಮಾಡಿಸುವುದು

ಡೆಸ್ಕು, ಬೆಂಚು, ಕಪಾಟು, ಕಿಟಕಿ ಸರಳು, ನಾಮಫಲಕಗಳಂಥ ವಸ್ತುಗಳಿಗೆ ರಚನೆಯ ವಿವರಣೆಯೇ ಸರಿ, ಏಕೆಂದರೆ ಅವುಗಳನ್ನು ಅಳೆಯಲು ಟೇಪು, ವರ್ನಿಯರ್ ಕ್ಯಾಲಿಪರ್ ಮತ್ತು ತಕ್ಕಡಿ ಸಾಕು. 16 ಗೇಜಿನ ಉಕ್ಕಿನ ಕೊಳವೆಯ ಗೋಡೆ ಸುಮಾರು 1.6 ಮಿ.ಮೀ., 18 ಗೇಜಿನದು ಸುಮಾರು 1.2 ಮಿ.ಮೀ. ದಪ್ಪ. ಬಣ್ಣ ಬಳಿದ ಮೇಲೆ ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಮಕ್ಕಳು ಕೂರುವುದು ಒಂದರ ಮೇಲೆ ಹತ್ತು ವರ್ಷ, ಇನ್ನೊಂದರ ಮೇಲೆ ಮೂರು ವರ್ಷ ಎಂಬಷ್ಟು ಅಂತರವಿದ್ದೀತು. ಗೇಜು ಎಂದು ಬರೆಯುವುದಕ್ಕಿಂತ ಮಿಲಿಮೀಟರಿನಲ್ಲಿ ದಪ್ಪವನ್ನು, ಅದರ ಜೊತೆಗೆ ಒಂದು ಡೆಸ್ಕಿನ ಕನಿಷ್ಠ ತೂಕವನ್ನೂ ಬರೆದರೆ ಉಗ್ರಾಣದಲ್ಲಿರುವ ಯಾರು ಬೇಕಾದರೂ ಪರೀಕ್ಷಿಸಬಹುದು. ಹಲಗೆಗೆ ‘ಒಳ್ಳೆಯ ಪ್ಲೈವುಡ್’ ಎನ್ನುವ ಬದಲು ಐಎಸ್ 303 ಅಥವಾ ನೀರು ತಾಗುವ ಜಾಗವಾದರೆ ಐಎಸ್ 710 ಎಂದು ಹೇಳಿ ದಪ್ಪವನ್ನು ನಮೂದಿಸಬೇಕು. ಆದೇಶ ಕೊಟ್ಟ ಕೂಡಲೇ ಒಂದು ಮಾದರಿ ಡೆಸ್ಕನ್ನು ಮಾಡಿಸಿ, ಒಪ್ಪಿ, ಸಹಿ ಮತ್ತು ಮೊಹರು ಹಾಕಿ ಕಚೇರಿಯಲ್ಲಿ ಇಟ್ಟುಕೊಂಡರೆ ಮುಂದಿನ ವಾದಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ಈ ದಾರಿಗೆ ಇನ್ನೊಂದು ಅನುಕೂಲವಿದೆ, ಅದನ್ನು ನಾನು ಸ್ವಲ್ಪ ಹೆಚ್ಚೇ ಒತ್ತಿ ಹೇಳುತ್ತೇನೆ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿರುವ ಸಣ್ಣ ಫ್ಯಾಬ್ರಿಕೇಶನ್ ಘಟಕಗಳು ಸ್ಪರ್ಧಿಸಬಲ್ಲ ಟೆಂಡರುಗಳು ಇಂಥವೇ. ಅವರ ಬಳಿ ಬ್ರ್ಯಾಂಡ್ ಇಲ್ಲ, ಪರೀಕ್ಷಾ ವರದಿಗಳ ಕಟ್ಟು ಇಲ್ಲ. ನಕ್ಷೆ ಕೊಟ್ಟರೆ ಅದರಂತೆ ಮಾಡುವ ಕೈ ಇದೆ. ಡೆಸ್ಕಿನ ಟೆಂಡರಿನಲ್ಲಿ ಅನಗತ್ಯವಾಗಿ ಅಂತರರಾಷ್ಟ್ರೀಯ ಪ್ರಮಾಣಪತ್ರಗಳನ್ನು ಕೇಳಿದರೆ ಇವರೆಲ್ಲ ಹೊರಗುಳಿಯುತ್ತಾರೆ, ಕೊನೆಗೆ ಪ್ರಮಾಣಪತ್ರವಿರುವ ದೊಡ್ಡ ಕಂಪನಿ ಇವರಿಂದಲೇ ಮಾಡಿಸಿ ತನ್ನ ಲಾಭ ಸೇರಿಸಿ ಕೊಡುತ್ತದೆ.

ಅನಾನುಕೂಲವೂ ಸಣ್ಣದಲ್ಲ. ನಕ್ಷೆ ನಮ್ಮದಾದರೆ ನಕ್ಷೆಯ ದೋಷವೂ ನಮ್ಮದೇ. ಹೇಳಿದ ಅಳತೆಗೆ ಸರಿಯಾಗಿ ಮಾಡಿಕೊಟ್ಟ ಡೆಸ್ಕು ಅಲ್ಲಾಡಿದರೆ ಪೂರೈಕೆದಾರನನ್ನು ಕೇಳಲು ಬರುವುದಿಲ್ಲ. ಆದ್ದರಿಂದ ನಮಗೆ ಚೆನ್ನಾಗಿ ಗೊತ್ತಿರುವ ವಸ್ತುಗಳಿಗೆ ಮಾತ್ರ ಈ ದಾರಿ. ಪಂಪಿನ ಇಂಪೆಲ್ಲರ್ (ನೀರನ್ನು ತಳ್ಳುವ ಚಕ್ರ) ಎಷ್ಟು ವ್ಯಾಸವಿರಬೇಕು ಎಂದು ಪಂಚಾಯಿತಿ ನಿರ್ಧರಿಸಲು ಹೊರಟರೆ ಅದು ಅದರ ಕೆಲಸವಲ್ಲ.

ಏನನ್ನು ಮಾಡಿ ತೋರಿಸಬೇಕು ಎಂದು ಬರೆಯುವುದು

ಕಾರ್ಯಕ್ಷಮತೆ ಆಧಾರಿತ ವಿವರಣೆಗೆ ಎಲ್ಲಕ್ಕಿಂತ ಹೆಚ್ಚು ತಯಾರಿ ಬೇಕು, ಅದು ತಪ್ಪಿದರೆ ಆಗುವ ಹಾನಿಯೂ ಹೆಚ್ಚು. ಆದರೂ ವಿದ್ಯುತ್ ಬಳಸುವ ಪ್ರತಿಯೊಂದು ವಸ್ತುವಿಗೂ ಇದನ್ನೇ ಯೋಚಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಬ್‌ಮರ್ಸಿಬಲ್ ಪಂಪನ್ನು ತೆಗೆದುಕೊಳ್ಳಿ. ನಾಗಮಂಗಲದ ಕಡೆಯ ಮಳೆಯಾಶ್ರಿತ ಊರುಗಳಲ್ಲಿ ಕೊಳವೆಬಾವಿ ಆಳವಾಗಿರುತ್ತದೆ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ನೀರು ಮೇಲಿರುತ್ತದೆ. ಎರಡೂ ಕಡೆಗೆ ‘5 ಎಚ್‌ಪಿ ಸಬ್‌ಮರ್ಸಿಬಲ್ ಪಂಪ್‌ಸೆಟ್, ಐಎಸ್ 8034’ ಎಂದು ಒಂದೇ ಸಾಲನ್ನು ಬರೆದರೆ ಒಂದು ಕಡೆ ನೀರು ಮೇಲೆ ಬರುವುದಿಲ್ಲ, ಇನ್ನೊಂದು ಕಡೆ ವಿದ್ಯುತ್ ಪೋಲಾಗುತ್ತದೆ. ಎಚ್‌ಪಿ ಎನ್ನುವುದು ಮೋಟಾರಿನ ಗಾತ್ರವನ್ನು ಹೇಳುತ್ತದೆ, ನೀರಿನ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಹೇಳಬೇಕಾದದ್ದು ಎರಡು ಸಂಖ್ಯೆಗಳು: ಒಟ್ಟು ಎಷ್ಟು ಮೀಟರ್ ಹೆಡ್‌ನಲ್ಲಿ (ನೀರನ್ನು ಎತ್ತಬೇಕಾದ ಒಟ್ಟು ಎತ್ತರ) ನಿಮಿಷಕ್ಕೆ ಎಷ್ಟು ಲೀಟರ್ ನೀರು ಬರಬೇಕು.

ಲೆಕ್ಕ ಹೀಗಿದೆ. 200 ಮೀಟರ್ ಹೆಡ್‌ನಲ್ಲಿ ನಿಮಿಷಕ್ಕೆ 60 ಲೀಟರ್, ಅಂದರೆ ಸೆಕೆಂಡಿಗೆ 1 ಲೀಟರ್ ನೀರೆತ್ತಲು ನೀರಿಗೆ ಸೇರಬೇಕಾದ ಶಕ್ತಿ ಸುಮಾರು 1.96 ಕಿಲೋವ್ಯಾಟ್. ಪಂಪು ಮತ್ತು ಮೋಟಾರುಗಳ ಒಟ್ಟು ದಕ್ಷತೆ ಶೇಕಡಾ 40 ಇದ್ದರೆ ತಂತಿಯಿಂದ 4.9 ಕಿಲೋವ್ಯಾಟ್ ಎಳೆಯುತ್ತದೆ, ಶೇಕಡಾ 50 ಇದ್ದರೆ 3.9 ಕಿಲೋವ್ಯಾಟ್ ಸಾಕು. ದಿನಕ್ಕೆ ಹತ್ತು ಗಂಟೆಯಂತೆ ವರ್ಷದಲ್ಲಿ 300 ದಿನ ಓಡಿದರೆ ಸುಮಾರು 3,000 ಯೂನಿಟ್ಟಿನ ವ್ಯತ್ಯಾಸ. ಯೂನಿಟ್ಟಿಗೆ 6 ರೂಪಾಯಿ ಎಂದು ಊಹಿಸಿಕೊಂಡರೂ ವರ್ಷಕ್ಕೆ 18,000 ರೂಪಾಯಿ. ಖರೀದಿಯ ದಿನ ಐದಾರು ಸಾವಿರ ಕಡಿಮೆಗೆ ಸಿಕ್ಕ ಪಂಪು ಮೊದಲ ವರ್ಷದಲ್ಲಿಯೇ ದುಬಾರಿಯಾಗುತ್ತದೆ. 13ನೇ ಪ್ರಕರಣ ಕೇಳುವ ಪರಿಮಾಣಕ್ಕೆ ಸಿಗುವ ಅಂಶ ಎಂದರೆ ಇದೇ. ‘ಬಿಡ್‌ದಾರರು ನಮೂದಿಸುವ ವಿದ್ಯುತ್ ಬಳಕೆಯನ್ನು ಐದು ವರ್ಷಕ್ಕೆ ಲೆಕ್ಕ ಹಾಕಿ ದರಕ್ಕೆ ಸೇರಿಸಲಾಗುವುದು’ ಎಂದು ಸೂತ್ರ ಸಹಿತ ದಾಖಲೆಯಲ್ಲಿ ಮೊದಲೇ ಬರೆದರೆ, ಒಳ್ಳೆಯ ಪಂಪನ್ನು ಎಲ್1 ಆಗಿಯೇ ಕೊಳ್ಳಬಹುದು.

ಪರೀಕ್ಷೆಯೂ ಸುಲಭ. ಅಳತೆ ಗೊತ್ತಿರುವ ಡ್ರಮ್ಮು, ಗಡಿಯಾರ, ಒತ್ತಡದ ಗೇಜು, ವಿದ್ಯುತ್ ಮೀಟರು ಇದ್ದರೆ ಬಾವಿಯ ಬಳಿಯೇ ಜೂನಿಯರ್ ಎಂಜಿನಿಯರ್ (ಜೆಇ) ಸಮ್ಮುಖದಲ್ಲಿ ಅರ್ಧ ದಿನದಲ್ಲಿ ಮುಗಿಯುತ್ತದೆ. ಸಂಜೆ ಹೊತ್ತು ವೋಲ್ಟೇಜ್ ಬೀಳುವ ಊರಾದರೆ 415 ವೋಲ್ಟಿಗಿಂತ ಶೇಕಡಾ 15 ಕಡಿಮೆಯಲ್ಲಿ, ಅಂದರೆ ಸುಮಾರು 353 ವೋಲ್ಟಿನಲ್ಲಿಯೂ ಮೋಟಾರು ಓಡಬೇಕೆಂಬ ಷರತ್ತನ್ನು ಮರೆಯಬಾರದು. ಬೆಂಗಳೂರಿನಲ್ಲಿ ಕೂತು ಸಿದ್ಧಪಡಿಸಿದ ಮಾದರಿ ವಿವರಣೆಗೆ ಆ ಊರಿನ ಸಂಜೆಯ ವೋಲ್ಟೇಜು ತಿಳಿದಿರುವುದಿಲ್ಲ.

ಬೀದಿದೀಪದಲ್ಲಿಯೂ ಇದೇ ಗೊಂದಲ ಬೇರೆ ವೇಷದಲ್ಲಿ ಬರುತ್ತದೆ. ‘72 ವ್ಯಾಟ್ ಎಲ್‌ಇಡಿ’ ಎಂದು ಕೇಳಿದರೆ ನಾವು ಕೇಳಿದ್ದು ಖರ್ಚನ್ನು, ಬೆಳಕನ್ನಲ್ಲ. ಅದೇ 72 ವ್ಯಾಟಿನಲ್ಲಿ ಒಂದು ದೀಪ ವ್ಯಾಟಿಗೆ 90 ಲ್ಯೂಮೆನ್ ಬೆಳಕು ಕೊಟ್ಟರೆ ಇನ್ನೊಂದು 130 ಕೊಡುತ್ತದೆ. ಕಡಿಮೆ ದರದವನು ಮೊದಲನೆಯದನ್ನೇ ತರುತ್ತಾನೆ. ಬದಲಾಗಿ ರಸ್ತೆಯ ಅಗಲ, ಕಂಬದ ಎತ್ತರ, ಕಂಬಗಳ ನಡುವಿನ ಅಂತರವನ್ನು ಕೊಟ್ಟು, ರಸ್ತೆಯ ಮೇಲೆ ಬೀಳಬೇಕಾದ ಬೆಳಕನ್ನು ಕೇಳಬೇಕು. ಬೀದಿದೀಪಗಳ ಹಳೆಯ ಸಂಹಿತೆಯಾದ ಐಎಸ್ 1944 ಅತಿ ಮುಖ್ಯ ರಸ್ತೆಗಳಿಗೆ ಸರಾಸರಿ 30 ಲಕ್ಸ್ (ರಸ್ತೆಯ ಮೇಲೆ ಬೀಳುವ ಬೆಳಕಿನ ಅಳತೆ), ಇತರ ಮುಖ್ಯ ರಸ್ತೆಗಳಿಗೆ 15, ಒಳರಸ್ತೆಗಳಿಗೆ ಅವುಗಳ ಬಳಕೆಗೆ ತಕ್ಕಂತೆ 8 ಅಥವಾ 4 ಲಕ್ಸ್ ಎಂದು ಹೇಳುತ್ತದೆ. ಜೊತೆಗೆ ಕನಿಷ್ಠ ಬೆಳಕಿಗೂ ಸರಾಸರಿ ಬೆಳಕಿಗೂ ಇರಬೇಕಾದ ಅನುಪಾತವನ್ನೂ ಕೊಡುತ್ತದೆ. ಈ ಎರಡನೆಯದನ್ನು ಬಿಟ್ಟರೆ ಕಂಬದ ಬುಡದಲ್ಲಿ ಹಾಲು ಚೆಲ್ಲಿದಂಥ ಬೆಳಕು, ನಡುವೆ ಕತ್ತಲು. ಸರಾಸರಿ ಮಾತ್ರ ಕಾಗದದಲ್ಲಿ ಸರಿಯಾಗಿರುತ್ತದೆ.

ಆದರೆ ದೀಪದ ಎಲ್ಲ ಗುಣಗಳೂ ರಸ್ತೆಯಲ್ಲಿ ನಿಂತು ಅಳೆಯುವಂಥವಲ್ಲ. ಲಕ್ಸ್ ಮೀಟರು ಅಗ್ಗದ ಉಪಕರಣ, ಪುರಸಭೆಯೇ ಇಟ್ಟುಕೊಳ್ಳಬಹುದು. ಐದು ವರ್ಷದ ಮೇಲೆ ಬೆಳಕು ಎಷ್ಟು ಕುಗ್ಗುತ್ತದೆ ಎಂಬುದನ್ನು ಮಾಲು ಬಂದ ದಿನ ಯಾರೂ ಅಳೆಯಲಾರರು. ಅದಕ್ಕೆ ಎಲ್‌ಎಂ-80 ಎಂಬ ಪರೀಕ್ಷಾ ವರದಿ, ದೀಪದ ಒಟ್ಟು ಬೆಳಕಿಗೆ ಎಲ್‌ಎಂ-79 ವರದಿ, ದೂಳು ಮತ್ತು ನೀರಿನ ತಡೆಗೆ ಐಪಿ 65 ಅಥವಾ 66ರ ವರದಿ, ಇವೆಲ್ಲವೂ ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಪಡೆದ ಪ್ರಯೋಗಾಲಯದವು ಬೇಕು. ಇಲ್ಲಿ ಗಮನಿಸಬೇಕಾದದ್ದು, ಎಲ್‌ಎಂ-80 ಒಳಗಿನ ಎಲ್‌ಇಡಿ ಚಿಪ್ಪಿನ ವರದಿ, ಪೂರ್ಣ ದೀಪದ್ದಲ್ಲ. ಆದ್ದರಿಂದ ವರದಿಯಲ್ಲಿರುವ ಚಿಪ್ಪೇ ಪೂರೈಸುವ ದೀಪದಲ್ಲಿಯೂ ಇದೆಯೇ, ಎಲ್‌ಎಂ-79 ವರದಿಯ ಮಾಡೆಲ್ ಸಂಖ್ಯೆಯೂ ಬಿಡ್ಡಿನಲ್ಲಿ ಕೊಟ್ಟ ಮಾಡೆಲ್ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ಪರಿಶೀಲನಾ ಸಮಿತಿ ಸಾಲು ಸಾಲಾಗಿ ನೋಡಬೇಕು. ಬಂದ ದೀಪಗಳಲ್ಲಿ ಕೆಲವನ್ನು ಇಲಾಖೆಯೇ ಆರಿಸಿ, ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವ ಬೆಂಗಳೂರಿನ ಸಿಪಿಆರ್‌ಐಯಂಥ ಸಂಸ್ಥೆಗೆ ಕಳುಹಿಸುವ ಹಕ್ಕನ್ನು ದಾಖಲೆಯಲ್ಲಿ ಇಟ್ಟುಕೊಂಡರೆ, ಆ ಹಕ್ಕನ್ನು ಚಲಾಯಿಸದಿದ್ದರೂ ಅದರ ಪರಿಣಾಮ ಇರುತ್ತದೆ.

ದಸರಾ ದೀಪಾಲಂಕಾರದಂಥ ತಾತ್ಕಾಲಿಕ ಕೆಲಸಕ್ಕೆ ಈ ಪುಟಗಳನ್ನೇ ನಕಲು ಮಾಡಿಕೊಳ್ಳಬಾರದು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೆಲವೇ ದಿನ ಬಾಡಿಗೆಗೆ ತರುವ ದೀಪಕ್ಕೆ 50,000 ಗಂಟೆಯ ಬಾಳಿಕೆಯ ಪುರಾವೆ ಕೇಳಿ ಪ್ರಯೋಜನವಿಲ್ಲ. ಆ ದಿನಗಳಲ್ಲಿ ಮೈಸೂರಿನಲ್ಲಿ ಮಳೆ ಬರುವುದು ಅಪರೂಪವಲ್ಲವಾದ್ದರಿಂದ ನೀರಿನ ತಡೆ, ಸೋರಿಕೆ ವಿದ್ಯುತ್ತಿನ ರಕ್ಷಣೆ, ಕೆಟ್ಟ ದೀಪವನ್ನು ಎಷ್ಟು ಗಂಟೆಯಲ್ಲಿ ಬದಲಿಸಬೇಕು ಎಂಬುವೇ ಮುಖ್ಯ.

ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಕಾರ್ಯಕ್ಷಮತೆಯ ವಿವರಣೆ ಮಾತ್ರವೇ ಸಾಲದು, ಹಣ ಪಾವತಿಯೂ ಅದನ್ನು ಹಿಂಬಾಲಿಸಬೇಕು. ಗಂಟೆಗೆ 1,000 ಲೀಟರ್ ಸಾಮರ್ಥ್ಯ ಎಂದಷ್ಟೇ ಬರೆದ ಘಟಕ ಉದ್ಘಾಟನೆಯ ದಿನ ಅಷ್ಟನ್ನು ಕೊಡುತ್ತದೆ. ಆ ಊರಿನ ಕಚ್ಚಾ ನೀರಿನ ಪ್ರಯೋಗಾಲಯದ ವರದಿಯನ್ನು ಟೆಂಡರ್ ದಾಖಲೆಯ ಜೊತೆಯಲ್ಲಿಯೇ ಕೊಡಬೇಕು. ಅದಿಲ್ಲದಿದ್ದರೆ ‘ನಿಮ್ಮ ನೀರು ಇಷ್ಟು ಗಡುಸು ಎಂದು ನಮಗೆ ಹೇಳಿರಲಿಲ್ಲ’ ಎಂಬ ಉತ್ತರ ಕಾದಿರುತ್ತದೆ. ಐಎಸ್ 10500ರ ಪ್ರಕಾರ ಕರಗಿದ ಒಟ್ಟು ಘನವಸ್ತುಗಳ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದಾಗ 2,000. ಫ್ಲೋರೈಡಿಗೆ ಕ್ರಮವಾಗಿ 1.0 ಮತ್ತು 1.5. ಎರಡರಲ್ಲಿ ಯಾವ ಮಿತಿ ಎಂದು ಹೇಳದೆ ‘ಐಎಸ್ 10500 ಪ್ರಕಾರ’ ಎಂದು ಬರೆದರೆ ಪೂರೈಕೆದಾರ ತನಗೆ ಬೇಕಾದ ಅಂಕಣವನ್ನು ಓದಿಕೊಳ್ಳುತ್ತಾನೆ. ಒಳಗೆ ಹೋದ ನೀರಿನಲ್ಲಿ ಎಷ್ಟು ಪಾಲು ಶುದ್ಧ ನೀರಾಗಿ ಬರಬೇಕು, ಉಳಿದ ಉಪ್ಪುನೀರು ಎಲ್ಲಿಗೆ ಹೋಗಬೇಕು ಎಂಬುದನ್ನೂ ಬರೆಯಬೇಕು. ಇಲ್ಲವಾದರೆ ಕೊಳವೆಬಾವಿಯಿಂದ ಬಂದದ್ದರಲ್ಲಿ ಹೆಚ್ಚು ಪಾಲು ಚರಂಡಿಗೆ ಹರಿಯುತ್ತದೆ. ಒಟ್ಟು ಮೊತ್ತದ ಒಂದು ಭಾಗವನ್ನು ಐದು ವರ್ಷದ ನಿರ್ವಹಣೆಗೆ ಹಂಚಿ, ಪ್ರತಿ ತ್ರೈಮಾಸಿಕದ ನೀರಿನ ವರದಿ ಮತ್ತು ಘಟಕ ನಡೆದ ದಿನಗಳ ಲೆಕ್ಕ ನೋಡಿ ಬಿಡುಗಡೆ ಮಾಡುವ ಷರತ್ತಿಲ್ಲದ ಟೆಂಡರು, ನನ್ನ ದೃಷ್ಟಿಯಲ್ಲಿ, ಯಂತ್ರವನ್ನು ಕೊಳ್ಳುತ್ತದೆಯೇ ಹೊರತು ನೀರನ್ನಲ್ಲ.

ಜೆಮ್ ಪೋರ್ಟಲಿನಲ್ಲಿ ಆಯ್ಕೆ

2016ರ ಆಗಸ್ಟ್‌ನಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆ ಜೆಮ್ ಮೂಲಕ ಕೊಳ್ಳುವವರಿಗೆ ವಿವರಣೆಯನ್ನು ಬರೆಯುವ ಸ್ವಾತಂತ್ರ್ಯ ಕಡಿಮೆ; ಪ್ರತಿ ವರ್ಗಕ್ಕೂ ಗೊತ್ತುಪಡಿಸಿದ ಅಂಶಗಳಲ್ಲಿ ಬೇಕಾದದ್ದನ್ನು ಆರಿಸಬೇಕು. ಇದರಿಂದ ಬ್ರ್ಯಾಂಡಿನ ಪಕ್ಷಪಾತ ತಪ್ಪುತ್ತದೆ ಎಂದುಕೊಳ್ಳಬಾರದು. ಒಂದರ ಮೇಲೊಂದು ಫಿಲ್ಟರ್ ಹಾಕುತ್ತ ಹೋದರೆ ಕೊನೆಗೆ ಒಬ್ಬನೇ ಮಾರಾಟಗಾರ ಉಳಿಯುತ್ತಾನೆ, ಅದೂ ಕಿರುಹೊತ್ತಿಗೆಯ ನಕಲೇ. ಪ್ರತಿ ಫಿಲ್ಟರ್ ಹಾಕಿದಾಗ ಎಷ್ಟು ತಯಾರಕರು ಉಳಿದರು ಎಂದು ಟಿಪ್ಪಣಿ ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮುಂದೆ ಆಡಿಟ್ ಆಕ್ಷೇಪಣೆಗೆ ಅದೇ ಉತ್ತರವಾಗುತ್ತದೆ. ರಾಜ್ಯದ ಸಾರ್ವಜನಿಕ ಸಂಗ್ರಹಣಾ ಪೋರ್ಟಲಿನಲ್ಲಿ ಟೆಂಡರ್ ಕರೆಯುವವರೂ ಇದೇ ಅಭ್ಯಾಸ ಇಟ್ಟುಕೊಳ್ಳಬಹುದು: ಪ್ರತಿಯೊಂದು ಷರತ್ತಿನ ಎದುರು ಅದನ್ನು ಪೂರೈಸಬಲ್ಲ ಕನಿಷ್ಠ ಮೂವರು ತಯಾರಕರು ಇದ್ದಾರೆಯೇ ಎಂದು ನೋಡುವುದು, ಇಲ್ಲದಿದ್ದರೆ ಆ ಷರತ್ತು ಏಕೆ ಬೇಕು ಎಂಬ ಕಾರಣವನ್ನು ಕಡತದಲ್ಲಿ ಬರೆಯುವುದು.

ಬೆರೆಸಿ ಬರೆಯುವಾಗ

ನಿಜವಾದ ಟೆಂಡರುಗಳು ಬಹುತೇಕ ಮಿಶ್ರಣಗಳೇ. ಬೀದಿದೀಪದ ಟೆಂಡರಿನಲ್ಲಿ ಬೆಳಕಿಗೆ ಕಾರ್ಯಕ್ಷಮತೆ, ತಂತಿಗೆ ಮಾನಕ, ಕಂಬದ ತೋಳಿಗೆ ನಕ್ಷೆ ಇರುವುದು ಸಹಜ. ತೊಂದರೆ ಬರುವುದು ಒಂದೇ ವಸ್ತುವಿಗೆ ಎರಡು ಬಗೆಯ ವಿವರಣೆ ಕೊಟ್ಟಾಗ. ರಸ್ತೆಯ ಮೇಲೆ 15 ಲಕ್ಸ್ ಬೇಕು ಎಂದೂ, ದೀಪ 45 ವ್ಯಾಟ್ ಮೀರಬಾರದು ಎಂದೂ, ಕಂಬಗಳ ಅಂತರ 40 ಮೀಟರ್ ಎಂದೂ ಬರೆದರೆ ಮೂರನ್ನೂ ಒಟ್ಟಿಗೆ ಸಾಧಿಸಲು ಆಗದೇ ಹೋಗಬಹುದು. ಆಗ ಪೂರೈಕೆದಾರ ವ್ಯಾಟನ್ನು ಪಾಲಿಸಿ ಲಕ್ಸನ್ನು ಬಿಡುತ್ತಾನೆ, ದಾಖಲೆ ಅವನ ಪರವಾಗಿಯೇ ಇರುತ್ತದೆ. ಟೆಂಡರ್ ಪ್ರಕಟಿಸುವ ಮೊದಲು ಯಾರಾದರೂ ಒಬ್ಬರು, ಬೇಕಾದರೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ವಿದ್ಯುತ್ ವಿಭಾಗದವರು, ಈ ಸಂಖ್ಯೆಗಳು ಪರಸ್ಪರ ಹೊಂದುತ್ತವೆಯೇ ಎಂದು ವಿನ್ಯಾಸದ ತಂತ್ರಾಂಶದಲ್ಲಿ ಹಾಕಿ ನೋಡಬೇಕು. ಮೈಸೂರಿನಲ್ಲಿಯೂ ಮಂಡ್ಯದಲ್ಲಿಯೂ ಅಂಥ ಕಾಲೇಜುಗಳಿಗೆ ಕೊರತೆಯಿಲ್ಲ.

ಪ್ರೀ-ಬಿಡ್ ಸಭೆ, ಅಂದರೆ ಬಿಡ್ ಸಲ್ಲಿಸುವ ಮೊದಲು ಆಸಕ್ತರ ಜೊತೆ ನಡೆಸುವ ಸಭೆ, ಇಂಥ ವಿರೋಧಗಳನ್ನು ಹೊರಗೆ ಹಾಕುವ ಕೊನೆಯ ಅವಕಾಶ. ಅಲ್ಲಿ ಬರುವ ಪ್ರಶ್ನೆಗಳನ್ನು ಕಿರುಕುಳವೆಂದು ನೋಡದೆ ಲಿಖಿತವಾಗಿ ಪಡೆದು, ಒಪ್ಪಿದವುಗಳನ್ನೂ ಒಪ್ಪದವುಗಳನ್ನೂ ಕಾರಣ ಸಹಿತ ಎಲ್ಲ ಬಿಡ್‌ದಾರರಿಗೂ ತಿಳಿಯುವಂತೆ ಪೋರ್ಟಲಿನಲ್ಲಿ ಪ್ರಕಟಿಸಬೇಕು, ತಿದ್ದುಪಡಿ ದೊಡ್ಡದಾದರೆ ಬಿಡ್ ಸಲ್ಲಿಸುವ ಅವಧಿಯನ್ನೂ ವಿಸ್ತರಿಸಬೇಕು. ಲಕೋಟೆ ತೆರೆದ ಮೇಲೆ ವಿವರಣೆಯನ್ನು ಸಡಿಲಿಸಿ ಒಬ್ಬರನ್ನು ಒಳಗೆ ಬಿಟ್ಟುಕೊಳ್ಳುವುದಕ್ಕಿಂತ, ತಪ್ಪನ್ನು ಕಡತದಲ್ಲಿ ದಾಖಲಿಸಿ ಟೆಂಡರನ್ನು ರದ್ದುಪಡಿಸಿ ಮತ್ತೆ ಕರೆಯುವುದು ಕ್ಷೇಮ. ಸಡಿಲಿಸಿದ ವಿವರಣೆ ಮೊದಲೇ ಗೊತ್ತಿದ್ದರೆ ತಾವೂ ಬಿಡ್ ಹಾಕುತ್ತಿದ್ದೆವು ಎನ್ನುವವರು ಮರುದಿನವೇ ಬರುತ್ತಾರೆ. ಇದೆಲ್ಲದರ ಮೇಲೆ ತಾಂತ್ರಿಕ ವಿವರಣೆಯ ಮೊದಲ ಪುಟದಲ್ಲಿ ಒಂದು ಸಾಲು ಇರಲಿ: ಕಾರ್ಯಕ್ಷಮತೆಯ ಷರತ್ತು, ಮಾನಕದ ಉಲ್ಲೇಖ ಮತ್ತು ನಕ್ಷೆಗಳ ನಡುವೆ ವ್ಯತ್ಯಾಸ ಕಂಡುಬಂದರೆ ಯಾವುದು ಅಂತಿಮ ಎಂಬುದನ್ನು ಅದು ಹೇಳಬೇಕು. ಡೆಸ್ಕಿನ ಟೆಂಡರಿಗೆ ಅಲ್ಲಿ ನಕ್ಷೆ ಎಂದು ಬರೆಯಬೇಕು, ಪಂಪು, ದೀಪ, ನೀರಿನ ಘಟಕಗಳಿಗೆ ಕಾರ್ಯಕ್ಷಮತೆ ಎಂದು.